ಉಪ್ಪಿನಕಾಯಿ ಡಬ್ಬಿಯ ನೀರು

ಹೋದ ತಿಂಗಳು ಕಿತ್ತೂರು ಕಡೆಯ ಅಣ್ಣ-ತಂಗಿ ಇಬ್ಬರು ಮುನವಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಇಬ್ಬರೂ ನೌಕಾಪಡೆಗೆ ಆಯ್ಕೆಯಾಗಿದ್ದಾರೆ. ಅವರಿಗೆ ನನ್ನ ವಿಳಾಸ ಕೊಟ್ಟು ಕಳಿಸಿದವನು ಬೈಲಹೊಂಗಲದಲ್ಲಿ ಖಾನಾವಳಿ ನಡೆಸುತ್ತಿದ್ದ ಬಸಪ್ಪ. ಬಸಪ್ಪ ನನ್ನ ಹಡಗಿನ ಅಡಿಗೆಯವ, ನನ್ನ ದೋಸ್ತ, ಒಂದು ಕಾಲಕ್ಕೆ ನನ್ನ ಕಡುವೈರಿ. ನನ್ನ ಹೆಂಡತಿ ಬೆಲ್ಲ-ನೀರು ತಂದಿಡುವುದರೊಳಗೆ ಹುಡುಗಿ ಕೇಳಿಯೇಬಿಟ್ಟಳು.

“ಅಜ್ಜಾರ, ಯುದ್ಧದಾಗ ನಿಮ್ಮ ಹಡಗ ವೈರಿ ಹಡಗ ಎಷ್ಟ ಮುಳಗಿಸಿತ್ರಿ?”

“ಒಂದೂ ಇಲ್ಲವ್ವಾ,” ಎಂದೆ.

ಅವಳ ಮುಖ ಬಾಡಿತು. ಮಾತು ರೆಕಾರ್ಡ್ ಮಾಡಿಕೊಳ್ಳಲು ಹಿಡಿದಿದ್ದ ಮೊಬೈಲನ್ನು ಅಣ್ಣ ಕಿಸೆಗೆ ಹಾಕಿಕೊಂಡ. ಹೊರಡುವಾಗ ಅವನೇ ಬಾಗಿಲಲ್ಲಿ ನಿಂತು ಹೇಳಿದ: “ಬಸಪ್ಪಜ್ಜಾರಿಗೆ ಮೈಯಾಗ ಆರಾಮಿಲ್ಲರಿ. ನೀರಿನವಗ ಒಮ್ಮೆ ಬಂದ ಹೋಗ ಅಂತ ಹೇಳ್ರಿ ಅಂದಾರ.”

ನೀರಿನವ ಎಂದರೆ ನಾನೇ. ಆ ಇಬ್ಬರು ಮಕ್ಕಳು ಕೇಳದೆ ಬಿಟ್ಟುಹೋದ ಸಂಗತಿಗಳನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಎದೆಯ ಮೇಲಿನ ಪಟ್ಟಿ ಇವೆಲ್ಲ ಇದರಲ್ಲಿ ಇಲ್ಲ. ಅವು ಬೇಕಾದವರು ಟ್ರಂಕು ತೆರೆದು ನೋಡಬಹುದು, ಜಿರಲೆ ಗುಳಿಗೆಯ ವಾಸನೆಯೂ ಜೊತೆಗೆ ಸಿಗುತ್ತದೆ.

ಮೊದಲು ಹಡಗಿನ ಮಾತು. ನಮ್ಮದು ಬೆಂಗಾವಲು ಹಡಗು. ಸರಕು ಹಡಗು, ಎಣ್ಣೆ ಹಡಗುಗಳು ಯುದ್ಧದ ಕಾಲದಲ್ಲಿ ಒಂಟಿಯಾಗಿ ಹೋಗುವಂತಿಲ್ಲ. ನೀರಿನ ಕೆಳಗೆ ಸಬ್‌ಮರೀನು ಹೊಂಚು ಹಾಕಿರುತ್ತದೆ. ಅವುಗಳ ಮಗ್ಗುಲಲ್ಲಿ, ಅವುಗಳ ನಿಧಾನಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತ, ಸಮುದ್ರದ ಹೊಟ್ಟೆಗೆ ಕಿವಿ ಕೊಟ್ಟು ನಡೆಯುವುದು ನಮ್ಮ ಕೆಲಸ. ಕುರಿಹಿಂಡಿನ ನಾಯಿಯನ್ನು ಎಷ್ಟು ತೋಳ ಕೊಂದೆ ಎಂದು ಯಾರೂ ಕೇಳುವುದಿಲ್ಲ. ಕುರಿಗಳೆಲ್ಲ ಮನೆಗೆ ಬಂದವೇ ಎಂದು ಕೇಳುತ್ತಾರೆ. ನಾನು ಇದ್ದಷ್ಟು ಕಾಲ ನಮ್ಮ ಜೊತೆ ಹೊರಟ ಹಡಗುಗಳೆಲ್ಲ ದಡ ಸೇರಿದವು.

ನಾನು ಸೇರುವಾಗಲೇ ಅವಳಿಗೆ ವಯಸ್ಸಾಗಿತ್ತು. ಹಳೆಯ ಮಹಾಯುದ್ಧಕ್ಕೆಂದು ಪರದೇಶದಲ್ಲಿ ಕಟ್ಟಿದ ಹಡಗು, ಬೇರೆ ಬಾವುಟದ ಕೆಳಗೆ ಥಂಡಿ ಸಮುದ್ರಗಳಲ್ಲಿ ಇದೇ ಕಾವಲು ಕೆಲಸ ಮಾಡಿ, ಆಮೇಲೆ ನಮ್ಮ ದೇಶಕ್ಕೆ ಬಂದವಳು. ಒಳಗೋಡೆಯ ಬಣ್ಣ ಕೆರೆದರೆ ಪದರದ ಕೆಳಗೆ ಪದರ. ಎಷ್ಟು ಮಂದಿ ಖಲಾಶಿಗಳ ಕೈ ಆಡಿತ್ತೋ ಏನೋ. ಅವಳಿಗೆ ಗಂಭೀರವಾದ ಹೆಸರೊಂದು ಇತ್ತು. ನಾವು ಮಾತ್ರ ಅಜ್ಜಿ ಎನ್ನುತ್ತಿದ್ದೆವು. ಮೈತುಂಬ ಕೀಲುನೋವು, ಬಾಯಿತುಂಬ ಹೊಗೆ, ಆದರೂ ಹೊರಟಳೆಂದರೆ ಹೊರಟಳು. ನನಗೆ ಅವಳ ಮೇಲೆ ಇದ್ದ ಪ್ರೀತಿಯನ್ನು ನನ್ನ ಹೆಂಡತಿ ಇವತ್ತಿಗೂ ಕ್ಷಮಿಸಿಲ್ಲ.

ಅಜ್ಜಿ ನಡೆಯುತ್ತಿದ್ದುದು ಉಗಿಯಿಂದ. ಬಾಯ್ಲರಿನಲ್ಲಿ ನೀರು ಕುದಿದು ಉಗಿಯಾಗಬೇಕು, ಉಗಿ ಯಂತ್ರ ತಿರುಗಿಸಬೇಕು, ತಣಿದು ಮತ್ತೆ ನೀರಾಗಿ ಬಾಯ್ಲರಿಗೇ ಮರಳಬೇಕು. ಆದರೆ ಮುದುಕಿಯ ಸಂದುಸಂದಿನಲ್ಲಿ ಸೋರಿಕೆ. ಸೋರಿದ್ದನ್ನು ತುಂಬಬೇಕು, ಅದೂ ಸಿಹಿನೀರಿನಿಂದ. ಉಪ್ಪುನೀರು ಹೋದರೆ, ಸವಳು ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಹಾಗೆ ಬಾಯ್ಲರಿನ ಕೊಳವೆಗಳಲ್ಲಿ ಕಟ್ಟಿ ಕೊಳವೆ ಸೀಳುತ್ತದೆ. ಆದ್ದರಿಂದ ಸಮುದ್ರದ ನೀರನ್ನು ಕುದಿಸಿ, ಆವಿ ತಣಿಸಿ, ಸಿಹಿನೀರು ಮಾಡುವ ಯಂತ್ರವೊಂದು ಇತ್ತು. ಇವಾಪರೇಟರ್ ಎಂದು ಅದರ ಹೆಸರು, ಭಟ್ಟಿ ಎಂದು ನಮ್ಮ ಬಾಯಲ್ಲಿ. ಆ ಭಟ್ಟಿ ನನ್ನ ಪಾಲಿಗೆ ಬಂತು.

ರಜೆಗೆ ಬಂದಾಗ ಅವ್ವನಿಗೆ ಈ ಸುದ್ದಿ ಹೇಳಿ ಕೆಟ್ಟೆ. “ಭಟ್ಟಿ ಇಳಸಾಕ ಅಷ್ಟ ದೂರ ಹೋಗಬೇಕೇನಪಾ? ಮನಿತನದ ಮರ್ಯಾದಿ ಕಳದಿ,” ಎಂದು ಸೆರಗು ಬಾಯಿಗೆ ಹಿಡಿದಳು. ನಾನು ಇಳಿಸುವುದು ಬರೀ ನೀರು ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಮಗನಿಗೆ ಒಳ್ಳೆ ಬುದ್ಧಿ ಕೊಡು ತಾಯಿ ಎಂದು ಬೇಡಿಕೊಂಡಳು. ನೀರು ಮಾಡಿದವನಿಗೆ ಬಂದ ಮೊದಲ ಬಹುಮಾನ ಇದು.

ತರಬೇತಿಯಲ್ಲಿ ಆದದ್ದೂ ಅಂಥದ್ದೇ. ನೀರು ಪರೀಕ್ಷೆ ಮಾಡಲು ಗಾಜಿನ ನಳಿಗೆಯಲ್ಲಿ ಸ್ವಲ್ಪ ನೀರು ಹಿಡಿದು ಸಿಲ್ವರ್ ನೈಟ್ರೇಟಿನ ಹನಿ ಬಿಡುತ್ತಿದ್ದರು. ನೀರು ತಿಳಿಯಾಗಿಯೇ ಉಳಿದರೆ ಸಿಹಿ, ಹಾಲಿನ ಹಾಗೆ ಬೆಳ್ಳಗಾದರೆ ಉಪ್ಪು ಸೇರಿದೆ ಎಂದು ಲೆಕ್ಕ. ಮೊದಲ ಸಲ ನನ್ನ ಕಣ್ಣ ಮುಂದೆ ನೀರು ಹಾಲಾದಾಗ ನಾನು ಯೋಚನೆ ಮಾಡದೆ ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿದೆ. ಮನೆ ತುಂಬುವಾಗ ಹಾಲು ಉಕ್ಕಿದರೆ ಶುಭ ಎನ್ನುವ ಊರಿನವನು ಇನ್ನೇನು ಮಾಡಬೇಕು? ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನನ್ನ ಮೇಲಧಿಕಾರಿ ಚೀಫ್ ಸಾವಂತ್ ರತ್ನಾಗಿರಿ ಕಡೆಯವರು. ನಮ್ಮ ಕಡೆಯ ಮಂದಿಗೆ ಮರಾಠಿ ಬರುತ್ತದಲ್ಲ, ಅದರಿಂದ ಮೊದಲ ದಿನವೇ ಹತ್ತಿರವಾದರು. ಹತ್ತಿರವಾದದ್ದು ಬೈಯುವುದಕ್ಕೆ. ಆದರೆ ಅವರ ಬೈಗುಳದಲ್ಲಿ ವಿದ್ಯೆ ಇರುತ್ತಿತ್ತು. “ನಿನ್ನ ಹಡಗಿನಲ್ಲಿ ಬಾಯಾರಿದವರು ಇಬ್ಬರು: ಬಾಯ್ಲರು, ಮನುಷ್ಯ. ಮನುಷ್ಯ ಕೂಗಾಡುತ್ತಾನೆ, ಬಾಯ್ಲರು ಕೂಗಾಡದೆ ಸಿಡಿಯುತ್ತದೆ. ಯಾರಿಗೆ ಮೊದಲು ಕೊಡಬೇಕೆಂದು ನೀನೇ ನೋಡು,” ಎಂದಿದ್ದರು. ನನ್ನ ಇಡೀ ನೌಕರಿಗೆ ಅಷ್ಟೇ ಪಾಠ.

ಆ ಪಾಠವನ್ನು ನಾನು ಅತಿಯಾಗಿಯೇ ಪಾಲಿಸಿದೆ. ಸಮುದ್ರದ ನೀರಲ್ಲೇ ಸ್ನಾನ, ಸಾಬೂನು ನೊರೆ ಬರುತ್ತಿರಲಿಲ್ಲ, ಮೈಯೆಲ್ಲ ಅಂಟಂಟು. ಸಿಹಿನೀರಿನ ನಲ್ಲಿಗೆ ಬೀಗ ಹಾಕಿದ್ದೆ. ಬೀಗದ ಕೈ ಉಡದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯಲಿಕ್ಕೂ ಇವ ಬಿಡುವವನಲ್ಲ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ನಾನೇನು ಅವರ ಮದುವೆಗೆ ಬಂದವನಲ್ಲ.

ಎದುರಿಗೇ ಜಗಳಕ್ಕೆ ನಿಲ್ಲುತ್ತಿದ್ದವನು ಬಸಪ್ಪ ಒಬ್ಬನೇ. ತೊರಗಲ್ಲ ಕೋಟೆ ಕಾಣುವ ಒಂದು ಗುಡ್ಡದ ಊರಿನವನು, ನನಗಿಂತ ತುಸು ದೊಡ್ಡವನು, ಗಿಡ್ಡ, ಗುಂಡಗೆ, ಕೈಯಲ್ಲಿ ಸದಾ ಒಂದು ಸೌಟು. ದಿನಾ ಮುಂಜಾನೆ ಬಂದು ಬಕೆಟ್ ನೆಲಕ್ಕೆ ಕುಕ್ಕುತ್ತಿದ್ದ.

“ಇನ್ನೊಂದ ಬಕೀಟ ಬಿಡಲೇ ಶಿವಪುತ್ರಾ. ಅನ್ನಾ ಮಾಡಬೇಕ, ಮಂದಿ ಉಣಬೇಕ.”

“ನಿನ್ನೆ ಕೊಟ್ಟಿದ್ದ ಏನ ಮಾಡಿದಿ?”

“ಕುಡದ್ನಿ. ಮುನವಳ್ಯಾಗ ಹೊಳಿ ದಂಡಿಗೆ ಹುಟ್ಟಿದಾವಾ ನೀ. ನೀರ ಅಂದ್ರೇನ ಅನ್ನೂದ ನಿನಗೇನ ಗೊತ್ತೈತಿ?”

“ನೀರ ಮಾಡಾವ ನಾನಲೇ!”

“ಮಾಡೂದ ಬ್ಯಾರೆ, ಹೊರೂದ ಬ್ಯಾರೆ. ನಮ್ಮವ್ವ ಗುಡ್ಡ ಇಳದ ಹತ್ತಿ ಕೊಡ ಹೊತ್ತಾಕಿ.”

ಕೊನೆಗೆ ಕೊಟ್ಟೇ ಕೊಡುತ್ತಿದ್ದೆ, ಗೊಣಗುತ್ತ. ಆದರೆ ಒಂದು ಅನುಮಾನ ನನ್ನನ್ನು ತಿನ್ನುತ್ತಿತ್ತು. ಕುಡಿಯುವ ನೀರಿನ ಟಾಕಿಗೆ ಅಳತೆಯ ಗಜ ಇಳಿಸಿ ನೋಡಿದಾಗಲೆಲ್ಲ ನೀರು ಇರಬೇಕಾದ್ದಕ್ಕಿಂತ ಕೆಳಗಿರುತ್ತಿತ್ತು. ಎಲ್ಲಿಯೋ ಸೋರುತ್ತಿದೆ ಎಂದು ಕೊಳವೆ ಕೊಳವೆಯ ಕೆಳಗೆ ಹೊಟ್ಟೆ ಎಳೆದುಕೊಂಡು ಹೋಗಿ ನೋಡಿದೆ. ಒಣಗಿದ ಮಣ್ಣಿನ ಹಾಗೆ ಒಣಗಿತ್ತು. ಯಾರೋ ಕದಿಯುತ್ತಿದ್ದಾರೆ ಎಂದು ಚೀಫ್ ಮುಂದೆ ದೂರು ಕೊಟ್ಟೆ, ಕಳ್ಳ ಸಿಕ್ಕರೆ ಶಿಕ್ಷೆ ಆಗಲೇಬೇಕು ಎಂದೂ ಹೇಳಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಗಾದೆಯನ್ನೂ ಸೇರಿಸಿದೆ, ಮರಾಠಿಯಲ್ಲಿ. ಚೀಫ್ ಹ್ಞೂಂ ಎಂದು ದೂರನ್ನು ಪುಸ್ತಕದಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ಎಪ್ಪತ್ತೊಂದರ ಯುದ್ಧ ಬಂತು.

ನಮಗೆ ಸಿಕ್ಕಿದ್ದು ಒಂದು ಹಳೇ ಸರಕು ಹಡಗನ್ನು ಬಂದರಿನಿಂದ ಬಂದರಿಗೆ ಮುಟ್ಟಿಸುವ ಕೆಲಸ. ಹೊಟ್ಟೆ ತುಂಬ ಸಾಮಾನು, ಅದರ ಮೇಲೆ ನಮ್ಮಂಥ ಬಡಪಾಯಿ ದುಡಿಯುವ ಮಂದಿ. ನಡುಸಮುದ್ರದಲ್ಲಿ ಅದರ ಯಂತ್ರ ಕೆಟ್ಟು ನಿಂತುಬಿಟ್ಟಿತು. ಎಳೆದುಕೊಂಡು ಹೋಗುವ ಶಕ್ತಿ ನಮ್ಮ ಅಜ್ಜಿಗಿರಲಿಲ್ಲ. ಎಳೆಯುವ ಟಗ್ ಹಡಗು ಬರುವವರೆಗೆ ಅದರ ಸುತ್ತ ಸುತ್ತುತ್ತ ಕಾಯಬೇಕು. ಆ ಸಮುದ್ರದಲ್ಲಿ ಸಬ್‌ಮರೀನು ಇದೆ ಎಂಬ ಸುದ್ದಿ ಮೊದಲೇ ಇತ್ತು. ನಿಂತ ಹಡಗು ಸುಲಭದ ಬೇಟೆ. ನಾವು ಬಿಟ್ಟು ಹೋದರೆ ಅವರ ಗತಿ ಏನೆಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ನನ್ನ ಭಟ್ಟಿ ಕೈ ಕೊಡಬೇಕಾದ್ದು ಆಗಲೇ. ಕೆಲವು ದಿನಗಳಿಂದ ಅದರ ಒಳಸುರುಳಿಗೆ ಉಪ್ಪಿನ ಹಕ್ಕಳೆ ಕಟ್ಟಿ ನೀರು ಕಡಿಮೆ ಬರುತ್ತಿತ್ತು. ಅದಕ್ಕೊಂದು ಹಳೇ ಉಪಾಯ: ಕಾದ ಸುರುಳಿಯ ಮೇಲೆ ಒಮ್ಮೆಲೇ ತಣ್ಣೀರು ಬಿಟ್ಟರೆ ಹಕ್ಕಳೆ ಚಟಚಟ ಸಿಡಿದು ಉದುರುತ್ತದೆ. ಎಷ್ಟೋ ಸಲ ಮಾಡಿದ್ದೆವು. ಈ ಸಲ ಹಕ್ಕಳೆಯ ಜೊತೆ ಸುರುಳಿಯ ಬೆಸುಗೆಯೂ ಬಿಟ್ಟಿತು. ನಳಿಗೆಯಲ್ಲಿ ನೀರು ಹಿಡಿದು ಹನಿ ಬಿಟ್ಟೆ. ಹಾಲು. ಇನ್ನೊಮ್ಮೆ ಹಿಡಿದೆ. ಹಾಲೇ. ಓಡಿಹೋಗಿ ಚೀಫ್ ಅವರನ್ನು ಕರೆತಂದೆ.

“ಬಿಚ್ಚಿ, ಬೆಸೆದು, ಕೂಡಿಸಲು ನಾಳೆ ಮಧ್ಯಾಹ್ನವಾದೀತು. ಬಾಯ್ಲರಿನ ನೀರು ಅಲ್ಲಿಯವರೆಗೆ ಸಾಲುವುದಿಲ್ಲ,” ಎಂದರು ಚೀಫ್.

ಕ್ಯಾಪ್ಟನ್ ಸಾಹೇಬರು ಸ್ವತಃ ಕೆಳಗಿಳಿದು ಬಂದರು. ಎತ್ತರದ ಆಳು, ನಮ್ಮ ಕೊಳವೆಗಳ ನಡುವೆ ತಲೆ ಬಗ್ಗಿಸಿ ನಿಂತರು. ಅವರು ಕೇಳಿದ್ದು ಒಂದೇ: “ಚೀಫ್, ನಾನು ಇಲ್ಲಿ ಉಳಿಯಬಹುದೇ, ಇಲ್ಲ ಅವರನ್ನು ಬಿಟ್ಟು ಹೊರಡಬೇಕೇ?”

“ಕುಡಿಯುವ ನೀರನ್ನೆಲ್ಲ ಬಾಯ್ಲರಿಗೆ ಕೊಟ್ಟರೆ ಉಳಿಯಬಹುದು ಸರ್. ಆದರೆ ಜನ ಏನು ಕುಡಿಯಬೇಕು? ಈ ಸೆಕೆಯಲ್ಲಿ ಬಾಯ್ಲರಿನ ಮುಂದೆ ನಿಂತವರು ನೀರಿಲ್ಲದೆ ಬಿದ್ದುಹೋಗುತ್ತಾರೆ.”

ಸರಕು ಹಡಗಿನವರನ್ನು ಕೇಳೋಣವೆಂದರೆ ಯಂತ್ರ ಸತ್ತ ಮೇಲೆ ಅವರ ನೀರೂ ನಿಂತಿತ್ತು, ಅವರೇ ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಕ್ಯಾಪ್ಟನ್ ಹಣೆ ಒರೆಸಿಕೊಂಡರು. ಎರಡರಲ್ಲಿ ಯಾವುದನ್ನು ಆರಿಸಿದರೂ ತಪ್ಪೇ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು.

ಆಗ ಏಣಿಯ ಮೇಲಿನಿಂದ ಗುಂಡನೆಯ ಎರಡು ಕಾಲು ಇಳಿದವು. ಅಡಿಗೆಯವರು ಬಾಯ್ಲರ್ ಕೋಣೆಗೆ ಬರುವ ಪದ್ಧತಿಯೇ ಇಲ್ಲ. ಬಸಪ್ಪ ಬಂದು, ಕ್ಯಾಪ್ಟನ್‌ಗೆ ಸೆಲ್ಯೂಟ್ ಹೊಡೆಯುವುದನ್ನೂ ಮರೆತು, ನನಗೆ ಹೇಳಿದ:

“ಟಾಕಿ ನೀರೆಲ್ಲಾ ತಗೋಲೇ. ಮಂದಿಗೆ ನಾ ಕುಡಸ್ತೇನಿ.”

“ಎಲ್ಲಿಂದ?”

“ಐತಿ. ಬಾ, ತೋರಸ್ತೇನಿ.”

ಅಡಿಗೆಮನೆಯ ಹಿಂದೆ ಆಲೂಗಡ್ಡೆ ಇಡುವ ಕೋಣೆ. ಅವನು ಚೀಲಗಳನ್ನು ಎಳೆದು ಬದಿಗೆ ಒಗೆದ. ಹಿಂದೆ ಸಾಲುಸಾಲಾಗಿ ಖಾಲಿಯಾದ ಎಣ್ಣೆ ಡಬ್ಬಿ, ತುಪ್ಪದ ಡಬ್ಬಿ, ಉಪ್ಪಿನಕಾಯಿ ಡಬ್ಬಿ, ಭರಣಿ, ಹಂಡೆ, ಕೆಟಲು. ಎಲ್ಲವೂ ಕಂಠಮಟ್ಟ ನೀರು. ಬಾಯಿಗೆ ಬಟ್ಟೆ ಕಟ್ಟಿ, ಹಡಗು ಹೊರಳಿದರೂ ತುಳುಕದಂತೆ ಹಗ್ಗದಿಂದ ಬಿಗಿದಿದ್ದ. ಕಳೆದುಹೋದ ನನ್ನ ನೀರು ಅಷ್ಟೂ ಅಲ್ಲಿ ಕೂತಿತ್ತು! ನಾನು ಬೀಗ ತೆಗೆದು ಭಟ್ಟಿಯ ಕಡೆ ತಿರುಗಿದಾಗಲೆಲ್ಲ ಇವನು ಒಂದರ ಬದಲು ಎರಡು ಬಕೆಟ್ ತುಂಬಿಕೊಂಡಿದ್ದ ಎಂದು ಆಗ ಹೊಳೆಯಿತು.

“ಕಳ್ಳನನ್ನಮಗನ!” ಎಂದು ಅವನ ಕೊರಳಪಟ್ಟಿ ಹಿಡಿದೆ.

“ಬೈ, ಆಮ್ಯಾಲೆ ಬೈ. ಬಡದರೂ ಬಡಿ. ಮೊದಲ ನಿನ್ನ ಬಾಯ್ಲರಿಗೆ ಕುಡಸ ನಡಿ.”

“ಯಾಕ ಇಟ್ಟಿಲೇ ಇದನೆಲ್ಲಾ?”

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ಯಾಕ ಅಂದ್ರ? ನೀರ ಬಂದಾಗ ತುಂಬಿ ಇಡಬೇಕಲ್ಲಪಾ. ನಾಳೆ ಬರಲಿಲ್ಲಂದ್ರ?” ಎಂದ. ಅವನ ಊರಿನ ಮನೆಗಳಲ್ಲಿ ನೀರು ಬಂದ ದಿನ ಒಂದು ಲೋಟವನ್ನೂ ಖಾಲಿ ಬಿಡುವುದಿಲ್ಲ. ಹಡಗಿಗೆ ಬಂದರೂ ಅವನ ಕೈ ಅದನ್ನು ಬಿಟ್ಟಿರಲಿಲ್ಲ.

ನಾನು ಅಭ್ಯಾಸಬಲದಿಂದ ಒಂದು ಡಬ್ಬಿಯ ನೀರು ಹಿಡಿದು ಹನಿ ಬಿಟ್ಟೆ. ಉಪ್ಪಿನಕಾಯಿ ಡಬ್ಬಿ, ಕೇಳಬೇಕೇ? ಗಟ್ಟಿ ಹಾಲು. ನೋಡಿದ ಚೀಫ್ ಸಾವಂತ್ ಯುದ್ಧವನ್ನೂ ಮರೆತು ಗಹಗಹಿಸಿ ನಕ್ಕರು. “ಬಾಯ್ಲರು ಇದನ್ನು ಕುಡಿಯುವುದಿಲ್ಲ. ಮನುಷ್ಯ ಕುಡಿಯುತ್ತಾನೆ. ಮನುಷ್ಯನಿಗೆ ಕೊಡು!”

ಹಾಗೆ ಟಾಕಿಯ ಶುದ್ಧ ನೀರು ಅಜ್ಜಿಯ ಹೊಟ್ಟೆಗೆ, ಡಬ್ಬಿಯ ನೀರು ನಮ್ಮ ಹೊಟ್ಟೆಗೆ. ಬಸಪ್ಪ ಸೌಟು ಹಿಡಿದು ಮಗ್ಗಿಗೆ ಅಳೆದು ಬಿಡುತ್ತ ಹಡಗೆಲ್ಲ ತಿರುಗಿದ. ಕ್ಯಾಪ್ಟನ್‌ಗೂ ಅಷ್ಟೇ, ಖಲಾಶಿಗೂ ಅಷ್ಟೇ. ಒಬ್ಬನಿಗೆ ಮಾವಿನಕಾಯಿ ರುಚಿ, ಒಬ್ಬನಿಗೆ ತುಪ್ಪದ ಜಿಡ್ಡು, ನನ್ನ ಪಾಲಿಗೆ ಬಂದದ್ದು ಹಸಿಮೆಣಸಿನಕಾಯಿ ಭರಣಿ. ಕುಡಿದು ನಾಲಿಗೆ ಹೊರಗೆ ಹಾಕಿದರೆ, “ಹೆಂಗೈತಿ ನನ್ನ ಭಟ್ಟಿ?” ಎಂದು ಕಣ್ಣು ಹೊಡೆದ. ಚೀಫ್ ಮತ್ತು ನಾನು ಬೆವರು ಸುರಿಸುತ್ತ ಸುರುಳಿ ಬಿಚ್ಚುತ್ತ ಕೂತೆವು.

ಮರುದಿನ ಹೊತ್ತು ಏರಿದ ಮೇಲೆ ಉಸಿರು ತೆಗೆದುಕೊಳ್ಳಲು ಮೇಲೆ ಬಂದೆ. ನಾವಿನ್ನೂ ಸುತ್ತುತ್ತಲೇ ಇದ್ದೆವು. ಸರಕು ಹಡಗಿನ ಮಂದಿ ಕಟಾಂಜನಕ್ಕೆ ಒರಗಿ ನಿಂತು ನಮ್ಮನ್ನೇ ನೋಡುತ್ತಿದ್ದರು. ನಾವು ಪ್ರತಿ ಸಲ ಹಾದಾಗ ಅವರಲ್ಲಿ ಒಬ್ಬ ಮುದುಕ ಕೈ ಎತ್ತುತ್ತಿದ್ದ, ಇದ್ದೀರಿ ತಾನೇ ಎಂದು ಕೇಳುವವನ ಹಾಗೆ. ನಾನೂ ಕೈ ಎತ್ತಿದೆ. ನನಗೆ ಅಳು ಬಂತು, ಯಾಕೆಂದು ಬಿಡಿಸಿ ಹೇಳಲಾರೆ. ಟಗ್ ಬಂದು ಹಗ್ಗ ಕಟ್ಟಿದಾಗ ಅವರೆಲ್ಲ ಊಟದ ತಾಟು ಬಡಿದು ಗದ್ದಲ ಎಬ್ಬಿಸಿದರು. ಆ ಹೊತ್ತಿಗೆ ನನ್ನ ನಳಿಗೆಯಲ್ಲಿ ನೀರು ತಿಳಿಯಾಗಿ ನಿಂತಿತ್ತು.

ಯುದ್ಧ ಮುಗಿಯಿತು, ಬಸಪ್ಪನ ವಿಚಾರಣೆ ಬಂತು. ಹಡಗಿನಲ್ಲಿ ನೀರು ಬಚ್ಚಿಡುವುದು ಅಪರಾಧ, ದೂರು ಕೊಟ್ಟವನು ನಾನು, ವಾಪಸು ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. ಕ್ಯಾಪ್ಟನ್ ಮೇಜಿನ ಮುಂದೆ ಟೊಪ್ಪಿಗೆ ತೆಗೆದು ಬಸಪ್ಪ ನಿಂತ. ಅವನ ದರ್ಜೆ ಇಳಿಸಿಯಾರೆಂದು ಎಲ್ಲರಿಗೂ ಭಯ.

“ಟಾಕಿಯಲ್ಲಿ ನೀರು ಕಡಿಮೆ ಆಗುತ್ತಿತ್ತೇ?” ಎಂದು ಕ್ಯಾಪ್ಟನ್ ನನ್ನನ್ನು ಕೇಳಿದರು.

“ಆಗುತ್ತಿತ್ತು ಸರ್. ಆದರೆ ಹಡಗಿನಲ್ಲಿ ಕಡಿಮೆ ಆಗಿರಲಿಲ್ಲ.”

ಕ್ಯಾಪ್ಟನ್ ಕಾಗದವನ್ನು ಮುಖದ ಮುಂದೆ ಎತ್ತಿ ಹಿಡಿದರು, ನಗು ಮರೆಸಲಿಕ್ಕೆಂದು ಈಗ ಅನ್ನಿಸುತ್ತದೆ. ಆಮೇಲೆ ಶಿಕ್ಷೆ ಓದಿದರು: ಆ ಡಬ್ಬಿಗಳನ್ನೆಲ್ಲ ಬಸಪ್ಪ ಉಪ್ಪಿನಕಾಯಿ ವಾಸನೆ ಹೋಗುವಂತೆ ತಿಕ್ಕಿ ತೊಳೆಯಬೇಕು, ಮತ್ತೆ ತುಂಬಿಡಬೇಕು, ದೂರು ಕೊಟ್ಟವನೇ ನೀರು ಕೊಡಬೇಕು. ಅಜ್ಜಿ ಸೇವೆಯಲ್ಲಿ ಇದ್ದಷ್ಟು ಕಾಲ ಈ ಶಿಕ್ಷೆಯನ್ನು ನಾವಿಬ್ಬರೂ ಅನುಭವಿಸಿದೆವು. ಕೊನೆಗೆ ಅವಳನ್ನು ಒಡೆಯಲು ಕೊಟ್ಟರು. ಬಾವುಟ ಇಳಿಸುವ ದಿನ ಬಸಪ್ಪ ಆ ಡಬ್ಬಿಗಳ ನೀರನ್ನು ಒಂದೊಂದಾಗಿ ತಂದು ಅವಳ ಡೆಕ್ಕಿನ ಮೇಲೇ ಸುರಿದ. ಬಿಗಿಹಿಡಿಯುವ ನಾನು ಅವತ್ತು ಬೇಡ ಎನ್ನಲಿಲ್ಲ.

ಮಕ್ಕಳೇ, ನೀವು ಹೋಗುವ ಹಡಗುಗಳಲ್ಲಿ ಉಗಿಯ ಬಾಯ್ಲರು ಕಾಣುವುದು ಅಪರೂಪ. ಉಪ್ಪು ಸೋಸುವ ಯಂತ್ರ ಸದ್ದಿಲ್ಲದೆ ನೀರು ಕೊಡುತ್ತದೆ, ಉಪ್ಪು ಎಷ್ಟೆಂದು ಪರದೆಯ ಮೇಲೆ ತೋರಿಸುತ್ತದೆ, ದಿನಾ ಸ್ನಾನ ಮಾಡಬಹುದು. ಸಂತೋಷ. ನಲ್ಲಿ ತಿರುಗಿಸುವಾಗ ಮಾತ್ರ ನಮ್ಮನ್ನು ಒಮ್ಮೆ ನೆನೆಯಿರಿ. ಬಸ್‌ಸ್ಟ್ಯಾಂಡಿನಲ್ಲಿ ಸುರಿಯುವ ನಲ್ಲಿ ಕಂಡರೆ ನಾನು ಇವತ್ತಿಗೂ ಇಳಿದು ಹೋಗಿ ಬಂದ್ ಮಾಡಿ ಬರುತ್ತೇನೆ, ಅಷ್ಟರಲ್ಲಿ ಬಸ್ಸು ಹೋದದ್ದೂ ಉಂಟು.

ಮೊನ್ನೆ ಬೈಲಹೊಂಗಲಕ್ಕೆ ಹೋದೆ. ಖಾನಾವಳಿಯನ್ನು ಈಗ ಮಗ-ಸೊಸೆ ನೋಡಿಕೊಳ್ಳುತ್ತಾರೆ. ಹಿಂದಿನ ಕೋಣೆಯಲ್ಲಿ ಬಸಪ್ಪ ಮಂಚದ ಮೇಲಿದ್ದ. ಮುಖ ಬಾತಿತ್ತು, ಕೈಕಾಲು ಸೋತಿದ್ದವು. ಅವನ ಕಿಡ್ನಿ ಕೆಲಸ ಬಿಟ್ಟಿವೆಯಂತೆ. ವಾರಕ್ಕೆ ಎರಡು ಸಲ ದವಾಖಾನೆಗೆ ಒಯ್ದು ರಕ್ತ ತೊಳೆಸುತ್ತಾರಂತೆ.

“ನೋಡ್ರಿ ಕಾಕಾರ,” ಎಂದಳು ಸೊಸೆ, “ಡಾಕ್ಟರ ನೀರ ಅಳದ ಕೊಡ್ರಿ ಅಂದಾರ. ಇವರು ನಮ್ಮ ಕೈಲೆ ಕುಡಿಯಾಕ ಒಲ್ಲರು. ನೀರಿನವ ಬರಲಿ, ಅಂವಾ ಅಳದ ಕೊಡಲಿ ಅಂತ ಹಟ ಹಿಡದಾರ.”

ಕೋಣೆಯ ಗೋಡೆಗುಂಟ ಸಾಲಾಗಿ ಕೊಡ, ಹಂಡೆ, ಪ್ಲಾಸ್ಟಿಕ್ ಬಿಂದಿಗೆ, ಎಲ್ಲವೂ ಕಂಠಮಟ್ಟ ತುಂಬಿದ್ದವು. ಅಷ್ಟು ನೀರಿನ ನಡುವೆ ನನ್ನ ಬಸಪ್ಪ ತುಟಿ ಒಣಗಿಸಿಕೊಂಡು ಮಲಗಿದ್ದ. ನಾನು ಸಣ್ಣ ಲೋಟದಲ್ಲಿ ಅಳೆದು ಅವನ ಕೈಗಿಟ್ಟೆ. ಅವನು ಲೋಟದೊಳಗೆ ಇಣುಕಿದ.

“ಇನ್ನಷ್ಟ ಬಿಡಲೇ ಶಿವಪುತ್ರಾ.”

“ಇಲ್ಲ. ಅಷ್ಟ.” ಐವತ್ತು ವರ್ಷದಿಂದ ಹೇಳುತ್ತ ಬಂದ ಮಾತು, ಅವತ್ತಿನಷ್ಟು ಕಷ್ಟ ಎಂದೂ ಆಗಿರಲಿಲ್ಲ.

“ನೀ ಸುಧಾರಸಾವಲ್ಲ ಬಿಡು,” ಎಂದು ನಕ್ಕ. ಒಂದೊಂದೇ ಗುಟುಕು, ಬಾಯಲ್ಲಿ ಹಿಡಿದು ಹಿಡಿದು ಕುಡಿದ. ಅರ್ಧಕ್ಕೆ ನಿಲ್ಲಿಸಿದ. ಉಳಿದದ್ದರ ಮೇಲೆ ತಟ್ಟೆ ಮುಚ್ಚಿ, ಲೋಟವನ್ನು ದಿಂಬಿನ ಹಿಂದೆ ಸರಿಸಿಟ್ಟ.

“ಯಾಕಲೇ? ಬಾಯಿ ಒಣಗೇತಿ, ಕುಡಿಯಲ್ಲ!”

“ಇರಲಿ,” ಎಂದ ಬಸಪ್ಪ ಕಣ್ಣು ಮುಚ್ಚಿಕೊಂಡು. “ನಿನ್ನ ಬಾಯ್ಲರಿಗೆ ಕಮ್ಮಿ ಬಿತ್ತಂದ್ರ ಎಲ್ಲಿಗೆ ಹೋಗ್ತಿ?”